ಅರಿಶಿನ ಬಿಡದ ಬೊಂಬೆ

ಇಂದು ಬೆಳಿಗ್ಗೆ ಮೊಮ್ಮಗಳು ಪೆನ್ನಿನ ಗೀಟುಗಳಿಂದ ತುಂಬಿದ ತನ್ನ ಪ್ಲಾಸ್ಟಿಕ್ ಬೊಂಬೆಯನ್ನು ತಂದಳು. ಒರೆಸಲೆಂದು ಕೊಬ್ಬರಿ ಎಣ್ಣೆಯ ಮುಚ್ಚಳ ತೆರೆದೊಡನೆ ಆ ಪರಿಮಳವು ನನ್ನನ್ನು ಚಾಮರಾಜಪೇಟೆಯ ನಮ್ಮ ಹಳೆಯ ಬಚ್ಚಲುಮನೆಗೆ ಕರೆದೊಯ್ದಿತು.

ಅಂದು ನವರಾತ್ರಿಯ ಮುನ್ನಾದಿನ; ನಡುಮನೆಯಲ್ಲಿ ಬೊಂಬೆ ಕೂರಿಸುವ ಮೆಟ್ಟಿಲುಗಳು ಸಜ್ಜಾಗಿದ್ದವು. ನನ್ನ ಪ್ಲಾಸ್ಟಿಕ್ ಬೊಂಬೆ ಹಂಡೆಯ ಒಲೆಯ ಮಸಿಯಲ್ಲಿ ಬಿದ್ದು ಕಪ್ಪಾಗಿತ್ತು.

"ಈ ಕೊಳಕೀನ ಪಟ್ಟದ ಬೊಂಬೆ ಪಕ್ಕ ಕೂರಿಸೋಕಾಗತ್ತೇನೇ?" ಎಂದು ಸೋದರತ್ತೆ ನಕ್ಕರು. ನಾನು ಅಳತೊಡಗಿದೆ.

"ಅಳಬೇಡ್ವೇ, ಇವಳಿಗೂ ಅಭ್ಯಂಜನ ಮಾಡ್ಸೋಣ" ಎಂದು ಅಜ್ಜಿ ಎಣ್ಣೆ ಹಚ್ಚಿ, ಸೀಗೆಪುಡಿಯಿಂದ ಉಜ್ಜಿದರು. ಮಸಿಯೆಲ್ಲ ಹೋಯಿತು. ಅಷ್ಟಕ್ಕೇ ನಿಲ್ಲಿಸದೆ, ಹೆಣ್ಣುಮಕ್ಕಳಿಗೆ ಎರೆದ ಅಭ್ಯಾಸಬಲದಿಂದ ಮುಖಕ್ಕೆ ಅರಿಶಿನವನ್ನೂ ಬಳಿದರು. ಎಷ್ಟು ತೊಳೆದರೂ ಹಳದಿ ಬಿಡಲೊಲ್ಲದು!

"ಅಯ್ಯೋ ಅಮ್ಮ, ಇದೇನ್ ಮಾಡ್ಬಿಟ್ರಿ!" ಎಂದರು ಅತ್ತೆ.

ಅಜ್ಜಿ ಕ್ಷಣಕಾಲ ಯೋಚಿಸಿ ಗಂಭೀರವಾಗಿ, "ಏನಾಯ್ತೀಗ? ಅರಿಶಿನದ ಶಾಸ್ತ್ರ ಆಯ್ತು. ಮದುಮಗಳನ್ನ ಯಾರಾದ್ರೂ ಹೊರಗೆ ಕೂರಿಸ್ತಾರಾ? ಮೇಲಿನ ಮೆಟ್ಟಿಲಲ್ಲೇ ಇಡು" ಎಂದರು.

ಆ ನವರಾತ್ರಿಯಲ್ಲಿ ಆರತಿಗೆ ಬಂದ ಮುತ್ತೈದೆಯರೆಲ್ಲ ನಗುತ್ತಲೇ ಅವಳಿಗೂ ಕುಂಕುಮವಿಟ್ಟರು.

ಈಗ ಮೊಮ್ಮಗಳ ಬೊಂಬೆ ಶುಭ್ರವಾಗಿದೆ.

"ಆಯ್ತಾ ಅಜ್ಜಿ?" ಎಂದಳು.

"ಇನ್ನೂ ಎಲ್ಲಿ ಆಯ್ತು ಕಂದ? ಹೋಗು, ಅರಿಶಿನದ ಡಬ್ಬಿ ತಗೊಂಬಾ" ಎಂದೆ.