ಚಾಂದವಡದ ಗುಡ್ಡದ ಕಾಯಿ

ನನ್ನ ಮರಾಠಿ ಕೇಳಿದರೆ ನನ್ನ ಗಂಡನಿಗೆ ನಗು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಅವರು ಆರೇ ತಿಂಗಳಲ್ಲಿ ಆ ಭಾಷೆ ಕಲಿತಿದ್ದರು. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ಮದುವೆಯಾಗಿ, ಅರವತ್ತರ ದಶಕದ ಕೊನೆಗೆ ಕಾರ್ಖಾನೆಯ ಕಾಲನಿಗೆ ಬಂದವಳು. ಹಾಲಿನವನೊಡನೆ ಬಾಯಿ ತೆರೆದರೆ ಸಾಕು, ಒಳಗಿಂದ ಇವರ ಕಿಸಿಕಿಸಿ ಕೇಳುತ್ತಿತ್ತು. ಆ ಸಿಟ್ಟಿಗೇ ನಾನು ಇವರನ್ನು ಒಂದು ಶಬ್ದದ ಅರ್ಥವನ್ನೂ ಕೇಳುತ್ತಿರಲಿಲ್ಲ. ಹಟಮಾರಿ ನಾನು, ಈಗಲೂ ಹಾಗೇ ಇದ್ದೇನೆ.

ಆ ವರ್ಷ ಶ್ರಾವಣದಲ್ಲಿ ಕಾಲನಿಯವರೆಲ್ಲ ಚಾಂದವಡದ ಗುಡ್ಡಕ್ಕೆ ಊಟ ಕಟ್ಟಿಕೊಂಡು ಹೋಗಿದ್ದೆವು. ಕರಿಬಂಡೆಯ ಪಕ್ಕ, ಹುಲ್ಲಿನ ನಡುವೆ ಆ ಗಿಡ ಕಂಡಿತು. ಮೊಳಕಾಲೆತ್ತರದ ದಂಟು, ತುದಿಗೆ ಕೊತ್ತಂಬರಿಯ ಹಾಗೆ ಬಿಳಿ ಹೂವಿನ ಗೊಂಚಲು. ಆದರೆ ಎಲೆ ಮಾತ್ರ ಒಂದೇ ಒಂದು, ನೆಲಕ್ಕೆ ಅಂಟಿಕೊಂಡ ದುಂಡನೆಯ ಎಲೆ. ಅಯ್ಯೋ, ಇದೆಲ್ಲಿಯದು! ನನ್ನ ಯಾವ ಪುಸ್ತಕದಲ್ಲೂ ಇಂಥದ್ದಿರಲಿಲ್ಲ. ಒಂದು ಗಿಡ ಕಿತ್ತು, ಹಳೆಯ ಪತ್ರಿಕೆಯ ನಡುವೆ ಇಟ್ಟು, ಹಾಸಿಗೆಯ ಕೆಳಗೆ ಒತ್ತಿ ಒಣಗಿಸಿ, ಧಾರವಾಡದಲ್ಲಿ ನನಗೆ ಪಾಠ ಹೇಳಿದ್ದ ಮಾಸ್ತರರಿಗೆ ಅಂಚೆಯಲ್ಲಿ ಕಳಿಸಿದೆ.

ಉತ್ತರ ಬಂತು. ಅಕ್ಷರಗಳು ದೊಡ್ಡವು, ಸಾಲು ತಪ್ಪಿದವು.

"ಎಲಿ ನೋಡಿದರ ಇದು ಯಾರೂ ಹೆಸರಿಡದ ಜಾತಿ ಇರಬಹುದು. ಆದರ ಕೊತ್ತಂಬರಿ ಮನೆತನದಾಗ ಹೂವು ನಂಬಬಾರದು, ಕಾಯಿ ನೋಡಬೇಕು. ಬಲಿತ ಕಾಯಿ ಕಳಿಸು, ಲಗೂ. ನನ್ನ ಎಡಗಣ್ಣು ಹೋತು. ಬಲಗಣ್ಣು ದೀಪಾವಳಿ ತನಕ ಇದ್ದೀತು ಅಂತಾರ ಡಾಕ್ಟರು. ಜನ್ಮಪೂರ್ತಿ ಬ್ಯಾರೆ ಮಂದಿ ಕಂಡುಹಿಡಿದ ಗಿಡಾನ ಓದಿಸೇನಿ. ಒಂದು ಹೊಸಾದು ನೋಡಿ ಈ ಕಣ್ಣು ಮುಚ್ಚಿದರ ಸಾಕು."

ಮರುದಿನವೇ ಬಸ್ಸು ಹತ್ತಿದೆ. ಗುಡ್ಡದ ಮೇಲೆ ಒಬ್ಬ ಮುದುಕಿ ಆಡು ಮೇಯಿಸುತ್ತಿದ್ದಳು. ಗಿಡ ತೋರಿಸಿ, ಇದರ ಕಾಯಿ ದೀಪಾವಳಿಗೆ ಬರುತ್ತದೆಯೇ ಎಂದು ಕೇಳಬೇಕಾಗಿತ್ತು. ಕಾಯಿಗೆ ಮರಾಠಿಯಲ್ಲಿ ಏನನ್ನುತ್ತಾರೋ ತಿಳಿಯದು. ಕನ್ನಡದ ಶಬ್ದವನ್ನೇ ತುರುಕಿದೆ.

"ಆಜೀ, ದಿವಾಳೀಲಾ ಕಾಯಿ ಯೇತೆ ಕಾ?"

ಮುದುಕಿ ಕಿವಿಗೆ ಕೈ ಹಚ್ಚಿ, "ಕಾಯ್?" ಅಂದಳು.

"ಹಾಂ, ಕಾಯಿ! ಕಾಯಿ!"

"ಕಾಯ್? ದಿವಾಳಿ? ಹೋ, ಹೋ, ದಿವಾಳಿ!" ಅಂತ ಬೊಚ್ಚುಬಾಯಿ ತುಂಬ ನಕ್ಕು ಗೋಣು ಹಾಕಿದಳು.

ನಾನು ಕುಣಿಯುತ್ತ ಗುಡ್ಡ ಇಳಿದೆ. ಮರಾಠಿಯ 'ಕಾಯ್' ಎಂದರೆ 'ಏನು' ಎಂಬುದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ದಿನಾ ಹಾಲಿನವನಿಗೆ ಹತ್ತು ಸಲ ಅನ್ನುತ್ತಿದ್ದೆ. ಆ ಹೊತ್ತಿಗೆ ಮಾತ್ರ ನನಗೆ ಬೇಕಾದದ್ದೇ ನನ್ನ ಕಿವಿಗೆ ಬಿತ್ತು. ದೀಪಾವಳಿಗೆ ಕಾಯಿ ಖಂಡಿತ ಎಂದು ಮಾಸ್ತರರಿಗೆ ಕಾಗದ ಬರೆದೆ.

ದೀಪಾವಳಿಯ ಹಿಂದಿನ ವಾರ ಗಂಡನನ್ನೂ ಎಳೆದುಕೊಂಡು ಹೋದೆ. ಗುಡ್ಡ ಬೋಳಾಗಿತ್ತು. ಹುಲ್ಲೆಲ್ಲ ಬುಡಕ್ಕೆ ಕೊಯ್ದು, ಬಂಡೆಗಳು ಬೆತ್ತಲೆ ನಿಂತಿದ್ದವು. ಕೆಳಗಿನ ಗುಡಿಸಲಿನಲ್ಲಿ ಮುದುಕಿ ಸಿಕ್ಕಳು. "ಆಜೀ, ಕಾಯಿ ಕುಠೆ? ಎಲ್ಲಿ?" ಎಂದು ಕಿರುಚಿದೆ.

"ಕಾಯ್?" ಅಂದಳು ಮುದುಕಿ, ಮೊದಲಿನ ಹಾಗೇ ಕಿವಿಗೆ ಕೈ ಹಚ್ಚಿ.

ಅವಳ ಸೊಸೆ ಹೊರಗೆ ಬಂದಳು. ನನ್ನ ಗಂಡ ಗಿಡದ ಗುರುತು ಹೇಳಿ ವಿಚಾರಿಸಿ, ಅವಳ ಉತ್ತರವನ್ನು ಕನ್ನಡಕ್ಕೆ ತಂದರು: ಅತ್ತೆಗೆ ಕಿವಿ ಕೇಳಿಸದು. ಆ ಗಿಡದ ಕಾಯಿ ಬಲಿಯುವುದು ಪಿತೃಪಕ್ಷದಲ್ಲಿ. ದಸರೆಗೆ ಹುಲ್ಲು ಕೊಯ್ಯುತ್ತಾರೆ. ಆ ದಿನ ಇವರು ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ನೆಲದ ಮೇಲೆ ಕೂತು ಹೋ ಎಂದು ಅತ್ತುಬಿಟ್ಟೆ.

ಸೊಸೆಗೆ ಕರುಣೆ ಬಂತೋ ಏನೋ, "ಗಂಜೀತ ಬಘಾ ನಾ, ತಾಯಿ" ಅಂದಳು.

ಗಂಜಿ ಕುಡಿಯುವ ಹೊತ್ತೇ ಇದು! ಬೇಡ ಎನ್ನಲು ಹೊರಟವಳು ಬಾಯಿ ಮುಚ್ಚಿಕೊಂಡೆ. ಗಂಡನತ್ತ ತಿರುಗಿ, ಜನ್ಮದಲ್ಲಿ ಮೊದಲ ಸಲ, "ಅಂದ್ರ ಏನ್ರಿ?" ಎಂದು ಕೇಳಿದೆ.

"ಬಣವಿ, ಮಾರಾಯ್ತಿ. ಹುಲ್ಲಿನ ಬಣವ್ಯಾಗ ಹುಡುಕು ಅಂತಾಳ."

ಅರ್ಧ ಹುಲ್ಲು ಆಗಲೇ ಗಾಡಿ ಏರಿ ವೈಜಾಪುರದ ಕಡೆಗೆ ಹೋಗಿತ್ತು. ಉಳಿದದ್ದು ಎರಡು ಬಣವೆ. ಸಂಜೆಯ ತನಕ ಹಿಡಿ ಹಿಡಿಯಾಗಿ ಬಿಚ್ಚಿದೆವು. ನನ್ನ ಬೆರಳುಗಳಲ್ಲಿ ರಕ್ತ. "ಹುಚ್ಚು ಹಿಡದದ ನಿನಗ" ಅನ್ನುತ್ತಲೇ ಇವರೂ ಬಿಡದೆ ಹುಡುಕಿದರು. ಎರಡನೆಯ ಬಣವೆಯ ತಳದಲ್ಲಿ ಒಂದು ಒಣ ದಂಟು ಸಿಕ್ಕಿತು. ತುದಿಯಲ್ಲಿ ಬಲಿತ ಕಾಯಿಗಳು, ಜೀರಿಗೆಗಿಂತ ತುಸು ಅಗಲ. ಬುಡದ ಎಲೆ ಮಾತ್ರ ಕುಡುಗೋಲಿಗೆ ಸಿಗದೆ ಗುಡ್ಡದಲ್ಲೇ ಉಳಿದಿತ್ತು.

ಅಂಚೆಯನ್ನು ನಂಬಲಿಲ್ಲ. ಹಬ್ಬದ ಅಡುಗೆ ಬಿಟ್ಟು ಮನಮಾಡಿನಲ್ಲಿ ರೈಲು ಹತ್ತಿದೆ. ದಾರಿಯುದ್ದಕ್ಕೂ ಕರವಸ್ತ್ರದ ಗಂಟು ಮುಟ್ಟಿ ಮುಟ್ಟಿ ನೋಡಿಕೊಂಡೆ.

ಮಾಸ್ತರರು ಪಡಸಾಲೆಯಲ್ಲಿ ಕೂತಿದ್ದರು. ನಾನು ಎದುರಿಗೆ ನಿಂತರೂ ನೋಡಲಿಲ್ಲ. ಮಾತಾಡಿದ ಮೇಲೆ ಮುಖ ನನ್ನತ್ತ ತಿರುಗಿತು, ಕಣ್ಣು ತಿರುಗಲಿಲ್ಲ. "ಹೋದ ಸೋಮವಾರ ಹೋತವಾ," ಅಂದರು. ದೇವರೇ, ಒಂದು ವಾರ ತಡೆಯಬಾರದಿತ್ತೇ ನೀನು!

ಅಂಗೈಯಲ್ಲಿ ಕಾಯಿ ಇಟ್ಟೆ. ಉಗುರಿನಿಂದ ಮೆಲ್ಲಗೆ ಸವರಿದರು. "ಐದು ಏಣು... ಅಂಚಿಗೆ ರೆಕ್ಕಿ... ಇಂಥಾದು ನಾ ಎಲ್ಲೂ ಕಂಡಿಲ್ಲ!" ಮುಖ ಅರಳಿತು. ಆಮೇಲೆ ಬೆರಳು ನಿಂತಿತು. "ಅದ ಗಿಡದಿಂದ ನೀನ ಕೈಯಾರೆ ಕಿತ್ತೀಯಲ್ಲಾ?"

ಹೌದ್ರಿ ಅಂದುಬಿಡಬಹುದಿತ್ತು. ನೋಡುವವರು ಯಾರಿದ್ದರು? ಬಾಯಿ ತನಕ ಬಂದಿತ್ತು ಸುಳ್ಳು. ಆದರೆ ಗಿಡದ ವಿಷಯದಲ್ಲಿ ಸುಳ್ಳು ಹೇಳಬಾರದೆಂದು ಕಲಿಸಿದವರೇ ಅವರು.

"ಇಲ್ರಿ ಸರ್. ಬಣವ್ಯಾಗ ಸಿಕ್ಕದ್ದು. ಎಲಿ ಇರಲಿಲ್ಲ, ಅದ ಗಿಡದ್ದು ಅಂತ ಆಣಿ ಮಾಡಲಾರೆ."

ಮಾಸ್ತರರು ಇನ್ನೊಮ್ಮೆ ಕಾಯಿ ಸವರಿದರು. ಆಮೇಲೆ ನಾನು ಶ್ರಾವಣದಲ್ಲಿ ಕಳಿಸಿದ್ದ ಗಿಡ ಅಂಟಿಸಿದ ಹಾಳೆ ತರಿಸಿ, ಅದರ ವಿವರದ ಚೀಟಿ ಬರಿ ಎಂದರು. ಊರು, ಗುಡ್ಡ, ಎಲೆ, ಹೂವು, ಎಲ್ಲ ಹೇಳಿ ಬರೆಸಿದರು. ಹೆಸರಿನ ಜಾಗ ಖಾಲಿ ಬಿಡಿಸಿದರು.

"ಕಾಯಿ?" ಎಂದು ಕೇಳಿದೆ.

ಅಂಗೈಯಲ್ಲಿದ್ದ ಕಾಯಿಯ ಮೇಲೆ ಬೆರಳು ಮಡಿಚಿಕೊಂಡು ಹೇಳಿದರು:

"ನೋಡಿಲ್ಲ ಅಂತ ಬರಿ."