ಉಂಡ ಮೇಲೆ ಹೇಳಬೇಕೆಂದಿದ್ದ ಅಡುಗೆ

ಕಿಣ್ಣಿ ಸುಲ್ತಾನ ಊರಿನ ವಾಮನ ಪಂಢರಪುರಕ್ಕೆ ಹೋಗಿ ಕೊರಳಿಗೆ ತುಳಸಿಮಾಲೆ ಹಾಕಿಸಿಕೊಂಡು ಬಂದಾಗ ಓಣಿಯವರು ನಂಬಲಿಲ್ಲ. ಮಾಲೆ ಹಾಕಿದವನು ಮಾಂಸ ಮುಟ್ಟುವಂತಿಲ್ಲ. ಇವನೋ, ಐತವಾರ ಮಟನ್ ಇಲ್ಲದಿದ್ದರೆ ತಾಟು ದೂಡಿ ಏಳುವ ಮನುಷ್ಯ. ಆದರೆ ಹಟಮಾರಿ. ಮೂರು ವರ್ಷ ಮುಟ್ಟಲಿಲ್ಲ. ಮಾಂಸ ಬಿಟ್ಟ, ಸಿಟ್ಟು ಮಾತ್ರ ಬಿಡಲಿಲ್ಲ.

ಹೆಂಡತಿ ಸರಸ್ವತಿಬಾಯಿ ಮಾಲೆ ಹಾಕಿರಲಿಲ್ಲ. ಆದರೂ ಗಂಡ ಬಿಟ್ಟ ದಿನವೇ ತಾನೂ ಬಿಟ್ಟಳು. ಬಿಟ್ಟೆನೆಂದು ಹೇಳಲಿಲ್ಲ, ವಾಮನ ಕೇಳಲೂ ಇಲ್ಲ. ಐತವಾರ ಬಂದರೆ ಅವನು ಅರ್ಧ ರೊಟ್ಟಿಗೇ ಕೈ ತೊಳೆಯುವುದನ್ನು ನೋಡಿ ಅವಳ ಜೀವ ಚುರ್ ಅನ್ನುತ್ತಿತ್ತು.

ಪಕ್ಕದ ಮನೆಯ ತಬಸ್ಸುಮ ಮೊಬೈಲಿನಲ್ಲಿ ಸೋಯಾಕಾಳಿಗೆ ಹೆಪ್ಪು ಹಾಕಿ, ಮಾಂಸದಂತೆ ಜಗಿಯಲು ಬರುವ ಟೆಂಪೆ ಮಾಡುವುದನ್ನು ತೋರಿಸಿದಳು. ಅದರ ಹೆಪ್ಪಿನ ಪುಡಿಯನ್ನೂ ಅವಳೇ ಪೋಸ್ಟಿನಲ್ಲಿ ತರಿಸಿಕೊಟ್ಟಳು. ಸರಸ್ವತಿಬಾಯಿ ಹೊಲದ ಸೋಯಾ ನೆನೆಯಿಟ್ಟು, ಸಿಪ್ಪೆ ತಿಕ್ಕಿ ತೆಗೆದು, ಬೇಯಿಸಿ, ನೀರಾರಿಸಿ, ಹೆಪ್ಪು ಕಲಸಿ, ತೂತು ಹಾಕಿದ ಚೀಲದಲ್ಲಿ ತುಂಬಿ ಕೌದಿಯ ಕೆಳಗೆ ಬೆಚ್ಚಗಿಟ್ಟಳು. ಮೊದಲ ಸಲ ನಾರಿತು, ತಿಪ್ಪೆಗೆ ಹೋಯಿತು. ಎರಡನೆಯ ಸಲ ಎರಡು ದಿನಕ್ಕೆ ಕಾಳೆಲ್ಲ ಬಿಳಿ ಬೂಷ್ಟಿನಲ್ಲಿ ಹೆಣೆದುಕೊಂಡು ಗಟ್ಟಿ ಹಲಗೆಯಾಯಿತು.

ಐತವಾರ ಅದರಲ್ಲಿ ಅರ್ಧವನ್ನು ತುಂಡು ಮಾಡಿ, ಕೆಂಪಗೆ ಕರಿದು, ಒಣಕೊಬ್ಬರಿ ಹುರಿದು ಅರೆದ ಮಸಾಲೆಯಲ್ಲಿ ಹಿಂದಿನ ಮಟನ್ ರಸ್ಸಾದಂತೆಯೇ ಕುದಿಸಿದಳು. ಏನೆಂದು ಹೇಳದೆ ಬಡಿಸಿದಳು. ಉಂಡ ಮೇಲೆ ಹೇಳಿ ಗಂಡನನ್ನು ನಗಿಸುವ ಆಸೆ ಅವಳಿಗೆ.

ವಾಮನ ಮೊದಲ ತುತ್ತು ನುಂಗುವುದಕ್ಕೂ, ಪ್ರತಿವರ್ಷ ಪಂಢರಪುರಕ್ಕೆ ಜೊತೆಗೆ ನಡೆಯುವ ಪೀರಪ್ಪ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

“ಏನ್ರೀ ವಾಮನರಾವ, ಅಗಸಿ ತನಕ ಮಸಾಲಿ ವಾಸನಿ ಬರಾಕತ್ತದ! ಮಾಲಿ ಗೂಟಕ್ಕ ಹಾಕಿ ಕುಂತೀರೇನು?”

ಬಾಯಲ್ಲಿ ಅದೇ ಖಾರ, ಅದೇ ಜಗಿತ. ವಾಮನನ ಮೋರೆ ಕೆಂಪೇರಿತು.

“ಏನ್ ತಿನಸಿದಿ ಬೇ ನನಗ? ನಿನ್ನ ನಾಲಿಗಿ ಚಪಲಕ್ಕ ನನ್ನ ಮಾಲಿ ಕೆಡಿಸಿದ್ಯಲ್ಲ!”

“ಅದು ಮಟನ್ ಅಲ್ರೀ, ನಾ ಹೇಳ್ತೇನಿ ಕೇಳ್ರಿ...”

“ಬಾಯಿ ಮುಚ್ಚು!”

ತಾಟು ಅಂಗಳಕ್ಕೆ ಹಾರಿತು. ಕೆಟ್ಟ ಮಾಲೆ ಕೊರಳಲ್ಲಿ ಇನ್ನೇಕೆಂದು ಅದನ್ನೂ ಹಿಡಿದೆಳೆದ. ಮಣಿಗಳೆಲ್ಲ ನೆಲದ ಪಾಲು.

ಸರಸ್ವತಿಬಾಯಿ ಒಳಗಿನಿಂದ ಉಳಿದ ಹಸಿ ಟೆಂಪೆ ತಂದು ಅವರ ಮುಂದೆಯೇ ಮುರಿದಳು. ಬಿಳಿಯ ನಡುವೆ ಕಾಳುಗಳು ಒಡೆದು ಕಂಡವು.

“ನಿಮ್ಮ ಹೊಲದ ಸೋಯಾ,” ಎಂದಳು. ಅಷ್ಟೇ.

ಪೀರಪ್ಪ ಒಂದು ಕಾಳು ಕಿತ್ತು ಅಗಿದು, “ಹೌದ್ರೀ, ಸೋಯಾನೇ ಅದ,” ಎಂದು ತಲೆ ತಗ್ಗಿಸಿ ಹೊರಟುಹೋದ.

ಆಗಲೇ ಒಂದು ಮಾತು ಆಡಬೇಕಿತ್ತು. ವಾಮನ ರುಮಾಲು ಕೊಡವಿ ಹೊಲದ ದಾರಿ ಹಿಡಿದ. ಮುಂದಿನ ಏಕಾದಶಿಗೆ ಹೊಸ ಮಾಲೆಗೆಂದು ಪಂಢರಪುರಕ್ಕೆ ಹೋದ. ಹಳೆಯದು ಹೇಗೆ ಹರಿಯಿತೆಂದು ಮಾಲೆ ಹಾಕುವ ಅಲ್ಲಿಯ ಗುರು ಮಹಾರಾಜರು ಕೇಳಿದರೆ, “ದಾರ ಸವದಿತ್ತ್ರಿ,” ಎಂದುಬಿಟ್ಟ. ತಿರುಗಿ ಬರುವಾಗ ಬಸ್ಸಿನಲ್ಲಿ ‘ತಪ್ಪಾತು’ ಎನ್ನುವುದನ್ನು ಮನಸ್ಸಿನಲ್ಲೇ ಹತ್ತು ಸಲ ಅಂದುಕೊಂಡ. ಮನೆ ಹೊಸ್ತಿಲಲ್ಲಿ ಬಾಯಿಂದ ಬಂದದ್ದು, “ಊಟಕ್ಕ ಹಾಕು.”

ಅವಳು ಹಾಕಿದಳು.

“ಇದು ಬದನಿಕಾಯಿರಿ. ಇದು ತೊಗರಿ ಬ್ಯಾಳಿ. ಇದು ಶೇಂಗಾ ಹಿಂಡಿ.”

ಸಿಟ್ಟಿಲ್ಲ, ಮುನಿಸಿಲ್ಲ. ಉಳಿದ ಹೆಪ್ಪಿನ ಪುಡಿಯನ್ನು ತಬಸ್ಸುಮಳಿಗೆ ವಾಪಸು ಕೊಟ್ಟಾಗಿತ್ತು. ಅಂದಿನಿಂದ ದಿನಕ್ಕೆರಡು ಹೊತ್ತು, ತಾಟಿನಲ್ಲಿ ಇರುವುದಕ್ಕೆಲ್ಲ ಬೆರಳು ತೋರಿಸಿ ಹೆಸರು ಹೇಳಿಯೇ ಅವಳು ಕೈ ತೆಗೆಯುವುದು. ವಾಮನ ತಾಟಿನ ಮುಂದೆ ಕೂತು, ಅವಳು ಹೇಳಿ ಮುಗಿಸುವವರೆಗೆ ಕಾಯುತ್ತಾನೆ. ಆಮೇಲೆ ರೊಟ್ಟಿ ಮುರಿಯುತ್ತಾನೆ.