ಹೊಸ ಟೋನರ್, ಮಸುಕು ಮುಖ

ಮಾಳಮಡ್ಡಿಯ ನಮ್ಮ ಜೆರಾಕ್ಸ್ ಅಂಗಡಿಗೆ ಒಬ್ಬರು ಹೆಂಡತಿಯ ಫೋಟೊ ಹಿಡಿದು ಬಂದರು. ಆಕೆ ಬೆಳಿಗ್ಗೆ ತೀರಿಕೊಂಡಿದ್ದರು. ಓಣಿಯಲ್ಲಿ ಅಂಟಿಸಲು ಶ್ರದ್ಧಾಂಜಲಿ ಹಾಳೆ ಬೇಕಿತ್ತು. ಆಗಷ್ಟೇ ಹೊಸ ಟೋನರ್ ಹಾಕಿದ್ದೆವು, ಆದರೂ ಮುಖ ಮಸುಕಾಗಿ ಬಂತು.

"ಆಕಿ ಇಷ್ಟ ಬೆಳ್ಳಗ ಇರ್ಲಿಲ್ರಿ," ಎಂದರು.

ಟೋನರ್ ಅಲ್ಲಾಡಿಸಿದೆ, ಸೆಟ್ಟಿಂಗ್ ಬದಲಿಸಿದೆ. ಕೊನೆಗೆ ಪ್ರಿಂಟರ್ ಒಳಗೆ ಇಣುಕಿದರೆ ಲೇಸರ್ ಗಾಜಿನ ಮೇಲೆ ವಿಭೂತಿಯ ಪುಡಿ.

"ಕಾಕಾ, ಇದಕ್ಕೂ ಪೂಜಾ ಮಾಡೀರೇನ್ರಿ?" ಎಂದು ಮಾಲೀಕರನ್ನು ಕೇಳಿದೆ.

"ಹೊಸಾ ಟೋನರ್ ಬಂದ್ರ ಮಾಡಬಾರದೇನಪಾ?"

ಗಾಜು ಒರೆಸಿದೆ. ಮುಖ ಸ್ಪಷ್ಟವಾಗಿ ಬಂತು. ಫೋಟೊ ತಂದವರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. "ಈಗ ಖರೇ ಅನಸ್ತದ್ರಿ, ಆಕಿ ಹೋದ್ಲು ಅಂತ."

ಮಸುಕಾದದ್ದನ್ನೇ ಕೊಟ್ಟಿದ್ದರೆ ಇನ್ನೊಂದು ತಾಸು ಅವರು ನಂಬುತ್ತಿರಲಿಲ್ಲವೇನೋ. ಆದರೆ ನಮ್ಮ ಅಂಗಡಿಯ ಕೆಲಸ ಅಚ್ಚುಕಟ್ಟು.